ಅಡಿಕೆ ಬೆಳೆಗಾರ ದಿವಾಳಿ ಅರ್ಜಿ ಹಾಕಿದರೆ ಮನೆ ಉಳಿಯುತ್ತದೆಯೇ?

ಸಾಗರದ ಕಡೆ ಎರಡು ಎಕರೆ ತೋಟ, ಎರಡು ಫಸಲು ಕೊಳೆರೋಗದ ಪಾಲು, ತಲೆಯ ಮೇಲೆ ಸಾಲ. ದಿವಾಳಿ ಅರ್ಜಿ ಹಾಕಿದರೆ ಮನೆಯೂ ಹೋಗುತ್ತದೆಯೇ, ಮೊದಲೇ ತೋಟವನ್ನು ಭಾವನ ಹೆಸರಿಗೆ ಬರೆದುಬಿಡಲೇ ಎಂದು ಕೇಳಿದ್ದೀರಿ. ನಾನು ವಕೀಲನಲ್ಲ, ಹೊಸನಗರ ತಾಲ್ಲೂಕಿನ ಬೆಳೆಗಾರ. ಇದೇ ಅರ್ಜಿ ಹಿಡಿದು ಶಿವಮೊಗ್ಗದ ಜಿಲ್ಲಾ ನ್ಯಾಯಾಲಯಕ್ಕೆ ಚಪ್ಪಲಿ ಸವೆಸಿದವನು.

2016ರ ದಿವಾಳಿ ಸಂಹಿತೆಯ ಸುದ್ದಿ ಓದಿ ಗೊಂದಲವಾಗಬೇಡಿ. ವ್ಯಕ್ತಿಗಳ ಮಟ್ಟಿಗೆ ಅದು ಜಾರಿಯಾಗಿರುವುದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ. ನಮ್ಮಂಥವರಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. 500 ರೂಪಾಯಿ ಸಾಲವಿದ್ದರೂ ಅರ್ಜಿ ಹಾಕಬಹುದು ಎನ್ನುತ್ತದೆ ಅದು. ಆ ಕಾಲದ ಐನೂರು!

ಏನು ಉಳಿಯುತ್ತದೆ ಎಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿದೆ. ಬಟ್ಟೆಬರೆ, ಹಾಸಿಗೆ, ಅಡುಗೆ ಪಾತ್ರೆ, ಹೆಂಡತಿಯ ತಾಳಿ, ಜೀವನೋಪಾಯಕ್ಕೆ ಬೇಕಾದಷ್ಟು ಬೇಸಾಯದ ಉಪಕರಣ, ದನ, ಬಿತ್ತನೆ ಬೀಜ ಇವನ್ನು ಜಪ್ತಿ ಮಾಡುವಂತಿಲ್ಲ. ಸ್ವತಃ ಸಾಗುವಳಿ ಮಾಡಿ ಮುಖ್ಯವಾಗಿ ಅದರಿಂದಲೇ ಬದುಕುವ ರೈತನ ವಾಸದ ಮನೆಯನ್ನೂ ಮುಟ್ಟುವಂತಿಲ್ಲ. ತೋಟಕ್ಕೆ ಆ ರಕ್ಷಣೆ ಇಲ್ಲ. ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಅರ್ಜಿಗೂ ಮುಂಚೆ ಸಾಲ ಕೊಟ್ಟ ಒಬ್ಬರು ತಂದ ಡಿಕ್ರಿಯ (ನ್ಯಾಯಾಲಯದ ತೀರ್ಪಿನ) ಮೇಲೆ ಜಪ್ತಿಗೆ ಬಂದ ಅಮೀನರು, ಅಂದರೆ ಕೋರ್ಟಿನ ಜಪ್ತಿ ನೌಕರರು, ಅಡಿಕೆ ಬೇಯಿಸುವ ತಾಮ್ರದ ಹಂಡೆಯನ್ನೂ ಪಟ್ಟಿಗೆ ಸೇರಿಸಿದ್ದರು. ಒಳಗೆ ಚೊಗರಿನ (ಅಡಿಕೆ ಬೇಯಿಸಿದ ರಸದ) ಕೆಂಪು ಇನ್ನೂ ಹಸಿಯಾಗಿತ್ತು. ಇದು ರೈತನ ಉಪಕರಣವೆಂದು ನಮ್ಮ ವಕೀಲರು ತಕರಾರು ಸಲ್ಲಿಸಿ ಬಿಡಿಸಿದರು. ಆ ಹಂಡೆ ಈಗಲೂ ಇದೆ, ತೋಟ ಅರ್ಧ ಇದೆ.

ನೀವು ಮೊದಲು ತೆಗೆದು ನೋಡಬೇಕಾದದ್ದು ಸಾಲದ ಕಾಗದ. ಬ್ಯಾಂಕಿಗೋ ಸೊಸೈಟಿಗೋ ಮನೆಯನ್ನೇ ಅಡಮಾನ ಬರೆದುಕೊಟ್ಟಿದ್ದರೆ 60ನೇ ಕಲಮು ಕೈಹಿಡಿಯುವುದಿಲ್ಲ. ಕೈಸಾಲದವರ ಎದುರಿಗೆ ಅದು ಕೆಲಸಕ್ಕೆ ಬರುತ್ತದೆ. ಶಿವಮೊಗ್ಗದಲ್ಲಿ ನೌಕರಿ ಮಾಡುತ್ತಾ ಸಂಬಳದಿಂದಲೇ ಸಂಸಾರ ನಡೆಸುವವರಾದರೆ ರೈತನೆಂಬ ವಾದವೂ ನಿಲ್ಲುವುದು ಕಷ್ಟ.

ಭಾವನ ವಿಚಾರ ಕೈಬಿಡಿ. ಪುಕ್ಕಟೆ ಬರೆದುಕೊಟ್ಟ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಸಲ್ಲಿಕೆಯಾಗಿ ದಿವಾಳಿಯೆಂದು ಘೋಷಣೆಯಾದರೆ ನ್ಯಾಯಾಲಯ ಆ ವರ್ಗಾವಣೆಯನ್ನು ರದ್ದುಪಡಿಸಬಲ್ಲದು. ಮುಚ್ಚಿಟ್ಟವನೆಂಬ ಹೆಸರು ಬಂದರೆ ಋಣಮುಕ್ತಿಗೂ, ಅಂದರೆ ನ್ಯಾಯಾಲಯ ಸಾಲದಿಂದ ಬಿಡುಗಡೆ ಮಾಡುವುದಕ್ಕೂ, ಅಡ್ಡಿ.

ಇನ್ನೊಂದು. ದಿವಾಳಿಯೆಂದು ಘೋಷಣೆಯಾದ ಮೇಲೆ ಗ್ರಾಮ ಪಂಚಾಯಿತಿಗೆ ನಿಲ್ಲುವಂತಿಲ್ಲ. ನನ್ನ ಹೆಂಡತಿಗೆ ಇದೊಂದು ಸುದ್ದಿ ಮಾತ್ರ ಸಮಾಧಾನ ಕೊಟ್ಟಿತು.