‘ಬಣ್ಣ ಬಯಲು’ ಅಂತ ಯಾರಿಗೆ ಹೇಳಬೇಕು?

ಶಾಲೆಗೆ ಹೆಸರು ಹೇಳದೆ ದುಡ್ಡು ಕೊಡುತ್ತಿದ್ದವರು ಯಾರೆಂದು ಗೊತ್ತಾಗಿದೆ, ಸ್ಮರಣ ಸಂಚಿಕೆಯಲ್ಲಿ ‘ದಾನಿಯ ಬಣ್ಣ ಬಯಲು’ ಅಂತ ಹಾಕಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಇದೇ ಕೆಲಸ ನಾನು ಮಾಡಿದ್ದೇನೆ.

ಆಗ ಒಂದು ಸಣ್ಣ ವಾರಪತ್ರಿಕೆಯಲ್ಲಿದ್ದೆ. ಕಾವ್ಯನಾಮದಲ್ಲಿ ನಮಗೆ ಕವನ ಕಳಿಸುತ್ತಿದ್ದವರು ಊರಿನ ಟೀಚರೊಬ್ಬರು ಅಂತ ತಿಳಿಯಿತು. ಖುಷಿಯಲ್ಲಿ ‘ಕವಯಿತ್ರಿಯ ಬಣ್ಣ ಬಯಲು!’ ಅಂತ ದಪ್ಪಕ್ಷರದಲ್ಲಿ ಹಾಕಿಬಿಟ್ಟೆ. ಕೆಳಗೆ ಬರೆದದ್ದೆಲ್ಲ ಹೊಗಳಿಕೆಯೇ. ಆದರೆ ಜನ ಓದಿದ್ದು ತಲೆಬರಹ ಮಾತ್ರ. ಮದುವೆ ಮನೆಯೊಂದರಲ್ಲಿ ಯಾರೋ, “ಏನಮ್ಮಾ, ನಿನ್ನ ಬಣ್ಣ ಬಯಲಾಯ್ತಂತೆ?” ಅಂದರಂತೆ. ಟೀಚರ್ ಪತ್ರಿಕೆ ಹಿಡಿದುಕೊಂಡು ಬಂದು ಕೇಳಿದರು: “ನಾನೇನು ಮೋಸ ಮಾಡಿದ್ದೆ ಸರ್?” ಆಮೇಲೆ ಅವರಿಂದ ಕವನ ಬರಲೇ ಇಲ್ಲ.

ನಾನು ಎಡವಿದ್ದು ಇಲ್ಲೇ. ಗುರುತು ಮುಚ್ಚಿಟ್ಟಿದ್ದರು, ಅದು ಹೊರಬಂತು, ಅಂದಮೇಲೆ ಬಣ್ಣ ಬಯಲಾದಂತೆಯೇ ಅಂದುಕೊಂಡೆ. ಅಷ್ಟೇ ಸಾಲದು. ಈ ಮಾತಿಗೆ ಸೋಗು ಬೇಕು, ಒಳಗೊಂದು ಹೊರಗೊಂದು ಇರಬೇಕು, ಅದರಿಂದ ಯಾರಾದರೂ ಮೋಸ ಹೋಗಿರಬೇಕು. ಪಂಚತಂತ್ರದ ನೀಲಿ ನರಿ ಇದಕ್ಕೆ ಸರಿ. ಬಣ್ಣದ ತೊಟ್ಟಿಗೆ ಬಿದ್ದು ನೀಲಿಯಾಗಿ, ಕಾಡಿನ ರಾಜನೆಂದು ಎಲ್ಲರನ್ನೂ ನಂಬಿಸಿತು. ಬೇರೆ ನರಿಗಳ ಕೂಗು ಕೇಳಿ ತಾನೂ ಊಳಿಟ್ಟಿತು ನೋಡಿ, ಆಗ ಬಯಲಾಯಿತು ಬಣ್ಣ. ಓದದೇ ಡಾಕ್ಟರ್ ಬೋರ್ಡ್ ಹಾಕಿಕೊಂಡವನು ಸಿಕ್ಕಿಬಿದ್ದರೂ ಹಾಗೇ ಬರೆಯಿರಿ, ಧಾರಾಳವಾಗಿ. ಆದರೆ ಅನಸೂಯಾ ಶಂಕರ್ ‘ತ್ರಿವೇಣಿ’ ಎಂಬ ಹೆಸರಲ್ಲಿ ಕಾದಂಬರಿ ಬರೆದರು, ಬೇಂದ್ರೆಯವರು ‘ಅಂಬಿಕಾತನಯದತ್ತ’ ಎಂದು ಬರೆದರು. ಅವರ ಬಣ್ಣ ಬಯಲಾಯಿತು ಅಂತ ಯಾರಾದರೂ ಅಂತಾರಾ? ನಾಲಿಗೆಯೇ ಹೊರಳುವುದಿಲ್ಲ, ಅಲ್ವಾ?

‘ಮುಖವಾಡ ಕಳಚಿತು’ ಅಂತ ಹಾಕೋಣ ಅನ್ನಿಸಿದರೆ ಅದೂ ಬೇಡ, ಅದು ಇನ್ನೂ ಖಾರ. ‘ಬಂಡವಾಳ ಬಯಲಾಯ್ತು’ ಅಂದರಂತೂ ಕೈಲಾಗದವನು ಕೊಚ್ಚಿಕೊಂಡು ಸಿಕ್ಕಿಬಿದ್ದ ಅಂತಾಗುತ್ತದೆ. ‘ಗುಟ್ಟು ರಟ್ಟಾಯ್ತು’ ಸ್ವಲ್ಪ ಹಗುರ, ಮನೆಯವರ ನಡುವೆ ನಗುತ್ತಾ ಹೇಳಬಹುದು. ಅಚ್ಚಿಗೆ ‘ನಮ್ಮ ಶಾಲೆಯ ದಾನಿ ಇವರೇ’ ಅಂತ ನೇರವಾಗಿ ಬರೆದರೆ ಸಾಕು.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಹೆಸರು ಹಾಕಲು ಆ ದಾನಿಯನ್ನು ಕೇಳಿದ್ದೀರಾ? ಇಷ್ಟು ದಿನ ಸುಮ್ನೆ ಕೊಟ್ಟವರು ಬೇಕಂತಲೇ ಹೆಸರು ಹೇಳಿಲ್ಲ. ಅಚ್ಚಿಗೆ ಕಳಿಸುವ ಮುಂಚೆ ಅವರ ಮನೆಗೆ ಹೋಗಿ ಬನ್ನಿ. ಬೇಡ ಅಂದರೆ ಆ ಪುಟಕ್ಕೆ ಮಕ್ಕಳ ಚಿತ್ರ ಹಾಕಿ.