ಥಾಯ್ ಗ್ರೀನ್ ಕರಿಯಲ್ಲಿ ಎಣ್ಣೆ ಬಿಡದಿದ್ದರೆ

ಪ್ಯಾಕೆಟ್ ತೆಂಗಿನ ಹಾಲಿನಲ್ಲಿ ಗ್ರೀನ್ ಕರಿಯ ಪೇಸ್ಟನ್ನು (ಹಸಿಮೆಣಸಿನಕಾಯಿ ಮಸಾಲೆ) 20 ನಿಮಿಷ ಕುದಿಸಿದರೂ ಎಣ್ಣೆ ಬಿಡಲಿಲ್ಲ, ಹಸಿ ವಾಸನೆಯೂ ಹೋಗಲಿಲ್ಲ ಅಂದಿದ್ದೀರಿ. ತಪ್ಪು ನಿಮ್ಮದಲ್ಲ. ಹಾಲು ಒಡೆಯಬಾರದೆಂದೇ ಬಹಳಷ್ಟು ಪ್ಯಾಕೆಟ್‌ಗಳಿಗೆ ಸ್ಟೆಬಿಲೈಸರ್ ಸೇರಿಸಿರುತ್ತಾರೆ. ನಮಗಿಲ್ಲಿ ಅದು ಒಡೆಯಲೇಬೇಕು, ಆಗಲೇ ಎಣ್ಣೆ ಬೇರೆಯಾಗುವುದು!

ಒಂದು ಕಾಯಿ ತುರಿದು, ಬಿಸಿನೀರು ಹಾಕಿ ರುಬ್ಬಿ ಹಿಂಡಿ. ಮೊದಲ ಹಾಲು ಬೇರೆ, ಎರಡನೇ ಹಾಲು ಬೇರೆ ಇಡಿ. ದಪ್ಪ ಹಾಲನ್ನಷ್ಟೇ ಅಗಲವಾದ ಬಾಣಲೆಗೆ ಸುರಿದು ಮಧ್ಯಮ ಉರಿಯಲ್ಲಿ ಕಾಯಿಸಿ. ಗೊಳಗೊಳ ಸದ್ದು ಚಟಪಟಕ್ಕೆ ತಿರುಗಿ, ಅಂಚಿನಲ್ಲಿ ಎಣ್ಣೆ ಮಿನುಗಿದಾಗ ಪೇಸ್ಟ್ ಹಾಕಿ ಬಾಡಿಸಿ. ಘಮ ಬಂದ ಮೇಲೇ ತೆಳು ಹಾಲು. ಪ್ಯಾಕೆಟ್ಟೇ ಗತಿಯೆಂದರೆ ಎರಡು ಚಮಚ ಎಣ್ಣೆಯಲ್ಲಿ ಪೇಸ್ಟ್ ಹುರಿದುಕೊಳ್ಳಿ, ನಾನೂ ಎಷ್ಟೋ ಸಲ ಹಾಗೇ ಮಾಡುತ್ತೇನೆ.

ಗಲಾಂಗಲ್ (ಶುಂಠಿಯಂಥದೇ ಒಂದು ಗೆಡ್ಡೆ) ಬದಲು ಶುಂಠಿ ಹಾಕಿದ್ದೀರಿ, ರುಚಿ ಬೇರೆಯಾದರೂ ನಡೆಯುತ್ತದೆ. ತುಳಸಿ ಮಾತ್ರ ಬೇಡ. ಥಾಯ್ಲೆಂಡಿನಲ್ಲಿ ಅದು 'ಪಾಡ್ ಕ್ರಪಾವ್' ಎಂಬ ಹುರಿದ ಅಡುಗೆಗೆ. ಗ್ರೀನ್ ಕರಿಗೆ ಬೀಳುವುದು ಸೋಂಪಿನ ಘಮದ 'ಹೊರಾಪಾ', ನಮ್ಮ ಕಾಮಕಸ್ತೂರಿಯದೇ ಜಾತಿ. ಆ ಸೊಪ್ಪು ಸಿಕ್ಕರೆ ಒಲೆ ಆರಿಸಿದ ಮೇಲೆ ಒಂದು ಹಿಡಿ ಹಾಕಿ, ಕುದಿಸಬೇಡಿ.