ಮಾತ್ರೆ ಪುಕ್ಕಟೆ, ದಾರಿ ದುಬಾರಿ

ಪತ್ರ: ಅಮೆರಿಕದಲ್ಲಿ ಇನ್ಸುಲಿನ್ ಕೊಳ್ಳಲಾಗದೆ ಜನ ಒದ್ದಾಡುತ್ತಾರಂತೆ. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಶುಗರ್ ಮಾತ್ರೆ ಪುಕ್ಕಟೆ. ಆದರೂ ನಮ್ಮ ತೋಟದ ಆಳುಗಳು ನುಂಗುವುದಿಲ್ಲ. ಇದು ಉದಾಸೀನ ಅಲ್ಲದೆ ಮತ್ತೇನು?
– ಒಬ್ಬ ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮಗೆ ಆಳುಗಳ ಬಗ್ಗೆ ಕಾಳಜಿ ಇದೆ, ಇಲ್ಲದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಉದಾಸೀನ ಮಾಡುವವರೂ ಇದ್ದಾರೆ, ಒಪ್ಪಿದೆ. ಆದರೆ ‘ಮತ್ತೇನು’ ಎಂದು ಕೇಳಿದಿರಲ್ಲ, ಅದನ್ನು ನಿಮ್ಮ ಆಳುಗಳ ಲೈನ್ ಮನೆಯಲ್ಲೇ ಒಮ್ಮೆ ಕೇಳಬೇಕಿತ್ತು.

ಅಮೆರಿಕದ ಮಾತು ನಿಜ. ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಸರಿಯಾಗಿ ನೂರು ವರ್ಷಕ್ಕೆ, ಅಮೆರಿಕದ ಹಿರಿಯರ ಸರ್ಕಾರಿ ವಿಮೆಯಲ್ಲಿ ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರಿಗಿಂತ ಜಾಸ್ತಿ ಕೀಳಬಾರದು ಎಂದು ಕಾನೂನು ಜಾರಿಗೆ ಬಂತು. ಅಲ್ಲಿ ಅಡ್ಡ ನಿಂತದ್ದು ಬೆಲೆ. ಆಫ್ರಿಕಾದ ಎಷ್ಟೋ ಕಡೆ ಔಷಧಿಯ ದಾಸ್ತಾನೇ ಇರುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಅಡ್ಡ ನಿಂತಿರುವುದು ದಾರಿ.

ಪುಕ್ಕಟೆ ಮಾತ್ರೆಗೆ ಒಂದು ದಿನದ ಕೂಲಿ ಹೋಗುತ್ತದೆ. ಬಸ್ಸು ತಪ್ಪಿದರೆ ಆಟೋ. ಕಾಫಿ ಕೊಯ್ಲಿನ ಜನವರಿಯಲ್ಲಿ ನೀವು ರಜೆ ಕೊಡುತ್ತೀರಾ? ಇನ್ನೊಂದು ಮಾತು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದರೆ ಶುರುವಿನಲ್ಲಿ ಹಲವರಿಗೆ ಹೊಟ್ಟೆ ಕೆಡುತ್ತದೆ. ಶೌಚಾಲಯವಿಲ್ಲದ ತೋಟದಲ್ಲಿ ದಿನವಿಡೀ ಹಣ್ಣು ಬಿಡಿಸುವ ಹೆಂಗಸು ಆ ಮಾತ್ರೆಯನ್ನು ಮನೆಯಲ್ಲೇ ಬಿಟ್ಟು ಬರದೆ ಏನು ಮಾಡುತ್ತಾಳೆ? ಗುಡ್ಡ ಹತ್ತಿ ಇಳಿದು ದುಡಿಯುವ ಅವಳಿಗೂ ‘ವಾಕಿಂಗ್ ಮಾಡಿ’ ಎಂದು ಪತ್ರಿಕೆಗಳು ಹೇಳುತ್ತವೆ. ನಮ್ಮ ಪತ್ರಿಕೆಯೂ ಹೇಳಿದೆ. ಅದು ತಪ್ಪು.

ನನ್ನ ಅಮ್ಮನದೇ ಕತೆ ಕೇಳಿ. ಸಕಲೇಶಪುರದ ಮಳೆಗಾಲ, ಮೂರು ದಿನ ಕರೆಂಟಿಲ್ಲ. ಇನ್ಸುಲಿನ್ ಬಾಟಲಿಯನ್ನು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯಲ್ಲಿಟ್ಟು ಕಾಪಾಡಿದೆವು. ಎಡವಿದ್ದು ಬೇರೆ ಕಡೆ. ಬಾಟಲಿಯ ಔಷಧಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು, ಅಂಗಡಿಯವರು ಕೊಟ್ಟದ್ದು 100 ಯೂನಿಟ್‌ನ ಔಷಧಿಗೆ ಗೆರೆ ಹಾಕಿದ ಸಿರಿಂಜು. ಅದರಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು ಬರೀ 8 ಯೂನಿಟ್. ಶುಗರ್ ಏರುತ್ತಲೇ ಹೋಯಿತು. ಅಮ್ಮ ಕದ್ದು ಸಿಹಿ ತಿನ್ನುತ್ತಾಳೆ ಎಂದು ನಾನೇ ಗದರಿದೆ. ಕೊನೆಗೆ ಒಬ್ಬ ನರ್ಸ್ ಸಿರಿಂಜಿನ ಮುಚ್ಚಳದ ಬಣ್ಣ ನೋಡಿ ಹೇಳಿದರು. 40ಕ್ಕೆ ಕೆಂಪು, 100ಕ್ಕೆ ಕಿತ್ತಳೆ. ಅಲ್ಲಿಯವರೆಗೆ ನಮಗೆ ಯಾರೂ ಹೇಳಿರಲಿಲ್ಲ. ಓದು ಬರಹ ಬಲ್ಲ ಮನೆಯ ಪಾಡೇ ಇದು. ಅಮ್ಮನನ್ನು ಗದರಿದ್ದು ಇವತ್ತಿಗೂ ಚುಚ್ಚುತ್ತದೆ.

ಸಂತೆ ದಿನ ನಿಮ್ಮ ಜೀಪು ಹೇಗೂ ಪೇಟೆಗೆ ಹೋಗುತ್ತದೆ, ಅಲ್ವಾ? ತಿಂಗಳಿಗೊಮ್ಮೆ, ಕೂಲಿ ಕಡಿಯದೆ, ಶುಗರ್ ಇರುವವರನ್ನು ಅದರಲ್ಲಿ ಆಸ್ಪತ್ರೆಗೆ ಕಳಿಸಿ. ಆರು ತಿಂಗಳು ಬಿಟ್ಟು ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇನೆ.